ಹೊಂಡಕ್ಕೆ ಇಳಿಯುವ ಮುನ್ನ: ಅನಿಲಮಾಪಕದ ಮಾತು ತಿಳಿಯೋಣ

ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ತೆಗೆಯುವುದು, ಕಾಫಿ ಪಲ್ಪಿಂಗ್ ನೀರಿನ ಹೊಂಡ ಶುಚಿ ಮಾಡುವುದು, ಮುಚ್ಚಿದ್ದ ಹಳೆಯ ಬಾವಿಯ ಹೂಳೆತ್ತುವುದು - ಮಲೆನಾಡಿನ ಕಾಫಿ ತೋಟವಿರಲಿ, ಹಾವೇರಿ ಜಿಲ್ಲೆಯ ಮಾಸೂರು ಸೀಮೆಯ ಅಡಿಕೆ ತೋಟವಿರಲಿ, ಇಂಥ ಕೆಲಸಗಳು ನಮಗೆ ತಪ್ಪಿದ್ದಲ್ಲ. ಆದರೆ ಈ ಗುಂಡಿಗಳಲ್ಲಿ ಕಣ್ಣಿಗೆ ಕಾಣದ ವಿಷಾನಿಲ ನಿಂತಿರಬಹುದು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಜ್ಪೆ ಬಳಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಕುಸಿದನು. ಅವನನ್ನು ಎತ್ತಲು ಇಳಿದವರೂ ಸೇರಿ ಐವರು ಪ್ರಾಣ ಕಳೆದುಕೊಂಡರು.

ಬಾವಿಗೆ ದೀಪ ಇಳಿಬಿಟ್ಟು ನೋಡುವುದು ಹಿರಿಯರ ಪದ್ಧತಿ. ದೀಪ ಆರಿದರೆ ಆಮ್ಲಜನಕ ಕಡಿಮೆಯೆಂದು ತಿಳಿಯುತ್ತದೆ, ನಿಜ. ಆದರೆ ಆರದಿದ್ದರೆ ವಿಷಾನಿಲ ಇಲ್ಲವೆಂದು ಅರ್ಥವಲ್ಲ. ಗೋಬರ್ ಗ್ಯಾಸ್ ಗುಂಡಿಗಂತೂ ದೀಪ ಒಯ್ಯಲೇಬಾರದು. ಈ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಅನಿಲಮಾಪಕವೇ ತಕ್ಕದ್ದು. ಅದರಲ್ಲಿ ಕಾಣುವ ಪದಗಳ ಅರ್ಥ ಹೀಗಿದೆ.

ಆಮ್ಲಜನಕ: ಶುದ್ಧ ಗಾಳಿಯಲ್ಲಿ ಶೇಕಡಾ 20.9 ಇರುತ್ತದೆ. 19.5ಕ್ಕೆ ಇಳಿದರೆ ಉಪಕರಣ ಕೂಗುತ್ತದೆ. ಒಂದೂವರೆ ಅಂಶ ತಾನೇ ಎಂದು ಉದಾಸೀನ ಮಾಡಬಾರದು. ಬೇರೆ ಅನಿಲ ಬಂದು ಗಾಳಿಯನ್ನು ತಳ್ಳಿದ್ದರಿಂದ ಆಮ್ಲಜನಕ ಒಂದು ಅಂಶ ಇಳಿದಿದ್ದರೆ, ಆ ಅನಿಲ ನೂರಕ್ಕೆ ಸುಮಾರು ಐದು ಪಾಲು ಸೇರಿದೆ ಎಂದು ಲೆಕ್ಕ.

ಪಿ.ಪಿ.ಎಂ.: ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಶೇಕಡಾ ಒಂದು ಎಂದರೆ 10,000 ಪಿ.ಪಿ.ಎಂ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡಿಗೆ ಸಾಮಾನ್ಯವಾಗಿ 10ರಲ್ಲೇ ಎಚ್ಚರಿಕೆ ಇಟ್ಟಿರುತ್ತಾರೆ. 100ರ ಹೊತ್ತಿಗೆ ಮೂಗು ಮರಗಟ್ಟುತ್ತದೆ. ನಾತ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ.

ಎಲ್.ಇ.ಎಲ್.: ಅನಿಲ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ. ಮಿಥೇನಿಗೆ ಇದು ಗಾಳಿಯಲ್ಲಿ ಶೇಕಡಾ 5. ಉಪಕರಣ ಇದನ್ನೇ 100 ಎಂದು ಎಣಿಸುತ್ತದೆ. ಆದ್ದರಿಂದ 10 ಎಂದು ತೋರಿಸಿದರೆ ಮಿಥೇನ್ ಇರುವುದು ಶೇಕಡಾ ಅರ್ಧ. ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಅನೇಕ ಉಪಕರಣಗಳಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಈ ಅಂಕಿ ತಪ್ಪಾಗಿ ಬರುತ್ತದೆ. ಮೊದಲು ಆಮ್ಲಜನಕವನ್ನೇ ನೋಡಿ.

ಜೀರೋ, ಬಂಪ್ ಟೆಸ್ಟ್, ಕ್ಯಾಲಿಬ್ರೇಷನ್: ಗುಂಡಿಯಿಂದ ದೂರ, ಶುದ್ಧ ಗಾಳಿಯಲ್ಲಿ ಆಮ್ಲಜನಕ ಬಿಟ್ಟು ಉಳಿದ ಅನಿಲಗಳ ಅಂಕಿಯನ್ನು ಸೊನ್ನೆಗೆ ತರುವಂತೆ ಉಪಕರಣವನ್ನು ಹದಗೊಳಿಸುವುದು ಜೀರೋ. ಪರೀಕ್ಷಾ ಅನಿಲ ತುಸು ಬಿಟ್ಟು, ಅದು ಕೂಗುವುದೇ ಎಂದು ನೋಡುವುದು ಬಂಪ್ ಟೆಸ್ಟ್. ಗೊತ್ತಾದ ಪ್ರಮಾಣದ ಅನಿಲ ಕೊಟ್ಟು ಅಂಕಿಯನ್ನು ಸರಿಪಡಿಸುವುದು ಕ್ಯಾಲಿಬ್ರೇಷನ್. ತೂಕದ ಬಟ್ಟನ್ನು ಮುದ್ರೆ ಹಾಕಿಸಿದಂತೆ. ಇದನ್ನು ತಯಾರಕರು ಹೇಳಿದ ಅವಧಿಗೆ ಮಾಡಿಸಬೇಕು.

ಅಳೆಯುವ ಕ್ರಮ: ಮಿಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಆದುದರಿಂದ ಮೇಲೆ, ನಡುವೆ, ತಳದಲ್ಲಿ - ಮೂರು ಕಡೆ ಕೊಳವೆ ಇಳಿಬಿಟ್ಟು, ಅಂಕಿ ನಿಲ್ಲುವವರೆಗೆ ಕಾದು ನೋಡಬೇಕು. ಬಗ್ಗಡ ಕದಡಿದೊಡನೆ ಹೊಸ ಅನಿಲ ಏಳುತ್ತದೆ. ಹಾಗಾಗಿ ಕೆಲಸ ಮುಗಿಯುವವರೆಗೂ ಅಳೆಯುತ್ತಲೇ ಇರಬೇಕು.

ಒಬ್ಬೊಬ್ಬರಿಗೆ ಈ ಉಪಕರಣ ಭಾರವೆನಿಸಿದರೆ ಐದಾರು ಬೆಳೆಗಾರರು ಕೂಡಿ ಒಂದನ್ನು ಕೊಳ್ಳಬಹುದು. ಉಪಕರಣ ಕೂಗಿದರೆ ಯಾರೂ ಇಳಿಯಬಾರದು. ಒಳಗೆ ಯಾರಾದರೂ ಕುಸಿದರೆ ಬರಿಗೈಯಲ್ಲಿ ಹಿಂದೆ ಇಳಿಯದೆ, ಮೊದಲೇ ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಮೇಲೆಳೆಯಿರಿ. ಅಗ್ನಿಶಾಮಕ ದಳಕ್ಕೆ ತಿಳಿಸಿರಿ. ಹಗ್ಗ ಕಟ್ಟದೆ ಯಾರನ್ನೂ ಇಳಿಸದಿರುವುದು ತೋಟದ ಯಜಮಾನನ ಹೊಣೆ.