ನೆಲದಡಿಯ ಗಾಳಿಯಲ್ಲಿ ನೀರಿದೆ

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲೆ ಮತ್ತು ಕ್ಯಾರಿ ಊರುಗಳ ಆಸುಪಾಸಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡ ಕುಟುಂಬಗಳ ನಿದ್ದೆ ಕೆಡಿಸುವುದು ತಪಾಸಣಾ ವರದಿಯ ಕೆಲವೇ ಪುಟಗಳು. ಅಡುಗೆಮನೆ ಚೆನ್ನಾಗಿದೆ, ಚಾವಣಿ ಗಟ್ಟಿಯಿದೆ, ಕಿಟಕಿಗಳು ಹೊಸವು. ಆಮೇಲೆ ಬರುತ್ತವೆ ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೊಗಳು. ತೊಲೆಗಳ ನಡುವಿನಿಂದ ಜೋತುಬಿದ್ದ ಗಾಜಿನ ನಾರು, ಮರದ ಮೇಲೆ ಬಿಳಿ ಬೂಸ್ಟು, ಕೆಂಪು ಮಣ್ಣಿನ ಮೇಲೆ ಹರಿದ ಪ್ಲಾಸ್ಟಿಕ್ ಹಾಳೆ, ನೀರು ತೊಟ್ಟಿಕ್ಕುವ ಎಸಿ ಕೊಳವೆ. ಮನೆಯ ನೆಲಕ್ಕೂ ಭೂಮಿಗೂ ನಡುವೆ ಇರುವ, ಮೊಣಕಾಲೂರಿ ತೆವಳಿಯೇ ಹೋಗಬೇಕಾದ ಆ ಜಾಗಕ್ಕೆ ಕ್ರಾಲ್ ಸ್ಪೇಸ್ ಎನ್ನುತ್ತಾರೆ. ಕಲ್ಲಿನ ಪಂಚಾಂಗ ಕಟ್ಟಿ, ಒಳಗೆ ಮಣ್ಣು ತುಂಬಿ, ದಮ್ಮಸು ಮಾಡಿ, ಅದರ ಮೇಲೆ ನೆಲ ಹಾಸುವ ನಾಡಿನಿಂದ ಹೋದವರಿಗೆ ಮನೆಯ ಕೆಳಗೊಂದು ಟೊಳ್ಳು ಇದೆ ಎಂಬುದೇ ಹೊಸ ಸಂಗತಿ.

ವರದಿ ಓದಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಹೊಸ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ, ಹಾಕಿಸಿದರೆ ಸಾಕೇ? ಸೆಕೆಯ ಊರಿನಲ್ಲಿ, ಅದರಲ್ಲೂ ಸಮುದ್ರದ ತೇವ ಹೊತ್ತ ಗಾಳಿ ಬೀಸುವ ಅಮೆರಿಕದ ಆಗ್ನೇಯ ಭಾಗದಲ್ಲಿ, ಸಾಲದು. ಎಷ್ಟೋ ಮನೆಗಳಲ್ಲಿ ಅವಸರದಲ್ಲಿ ತುರುಕಿದ ಇನ್ಸುಲೇಷನ್ನೇ ಮರ ಕೊಳೆಯಲು ನೆರವಾಗಿದೆ. ಅಲ್ಲಿ ನೆಲದಡಿಯ ಮುಖ್ಯ ಶತ್ರು ಬಿಸಿಯಲ್ಲ, ಗಾಳಿಯಲ್ಲಿ ಕಣ್ಣಿಗೆ ಕಾಣದೆ ಇರುವ ನೀರು. ಇದು ಮನದಟ್ಟಾಗದೆ ಒಂದು ಡಾಲರನ್ನೂ ಖರ್ಚು ಮಾಡಬಾರದು.

ಲೆಕ್ಕ ಸರಳವಾಗಿದೆ. ಜುಲೈ ತಿಂಗಳ ಮಧ್ಯಾಹ್ನ ಹೊರಗೆ 32 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ 60 ಪ್ರತಿಶತ ಎಂದುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ಹನಿಗಟ್ಟುವ ಉಷ್ಣತೆ, ಸುಮಾರು 23 ಡಿಗ್ರಿ. ಅದೇ ಗಾಳಿ ಸುತ್ತುಗೋಡೆಯ ಗಾಳಿಕಿಂಡಿಗಳ ಮೂಲಕ ನೆಲದಡಿಗೆ ನುಗ್ಗಿ, ನೆರಳಿನಲ್ಲಿ 24 ಡಿಗ್ರಿಗೆ ತಣಿದರೆ ಅದರ ಆರ್ದ್ರತೆ 95 ಪ್ರತಿಶತ ದಾಟುತ್ತದೆ. ಇನ್ನೂ ಎರಡು ಡಿಗ್ರಿ ತಣ್ಣಗಿರುವ ವಸ್ತು ಅಲ್ಲಿ ಏನಿದ್ದರೂ, ಎಸಿಯ ಕೊಳವೆಯಾಗಲಿ ನಲ್ಲಿಯ ಪೈಪಾಗಲಿ, ಅದರ ಮೇಲೆ ನೀರು ಕಟ್ಟುತ್ತದೆ. ಮುಂಗಾರಿನ ಹೊಸ್ತಿಲಲ್ಲಿ ಕರಾವಳಿಯ ಹಳೆ ಮನೆಗಳಲ್ಲಿ ನೆಲ ಬೆವರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ನಡೆಯುವುದೂ ಅದೇ. ಆದರೆ ಕಲ್ಲು, ಕಾವಿ, ಸಿಮೆಂಟಿನ ನೆಲವನ್ನು ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಿತು. ಮರದ ತೊಲೆಯ ವಿಷಯ ಬೇರೆ. ಮರದ ತೇವಾಂಶ 20 ಪ್ರತಿಶತದೊಳಗೆ ಇರುವವರೆಗೆ ಭಯವಿಲ್ಲ. ಅದು 28ರ ಆಚೆ ಹೋಗಿ ಅಲ್ಲೇ ನಿಂತರೆ ಕೊಳೆಸುವ ಶಿಲೀಂಧ್ರಗಳು ಮನೆ ಮಾಡುತ್ತವೆ. ಬೂಸ್ಟಿಗಂತೂ ಅಷ್ಟೂ ಬೇಕಿಲ್ಲ. ಮರದ ಮೈಗೆ ತಾಗುವ ಗಾಳಿಯ ಆರ್ದ್ರತೆ ವಾರಗಟ್ಟಲೆ 80 ಪ್ರತಿಶತದ ಮೇಲಿದ್ದರೆ ಸಾಕು.

‘ಗಾಳಿ ಆಡಲಿ, ಒಣಗುತ್ತದೆ’ ಎಂಬುದು ನಮ್ಮೆಲ್ಲರ ನಂಬಿಕೆ. ಅಮೆರಿಕದ ಕಟ್ಟಡ ಸಂಹಿತೆಯಲ್ಲೂ ದಶಕಗಳ ಕಾಲ ಇದೇ ನಂಬಿಕೆ ಕೂತಿತ್ತು. ನೆಲದಡಿಯ ಪ್ರತಿ 150 ಚದರ ಅಡಿಗೆ ಒಂದು ಚದರ ಅಡಿ ಕಿಂಡಿ ಬೇಕು ಎಂಬ ನಿಯಮ ಇಂದಿಗೂ ಇದೆ. ಎಸಿ ಇಲ್ಲದ ಕಾಲದಲ್ಲಿ ಈ ನಂಬಿಕೆಯಿಂದ ತೊಂದರೆಯಾಗಲಿಲ್ಲ. ನ್ಯೂ ಆರ್ಲಿಯನ್ಸ್‌ನ ಹಳೆಯ ಶಾಟ್‌ಗನ್ ಮನೆಗಳನ್ನು ನೋಡಿ: ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಎರಡು-ಮೂರು ಅಡಿ ಎತ್ತರದಲ್ಲಿ ನಿಂತ ಮರದ ಮನೆಗಳು. ನೆಲದಡಿ ಪೂರಾ ಬಯಲು. ಹೊರಗೂ ಒಳಗೂ ಒಂದೇ ಬಿಸಿ. ಹಲಗೆಗಳ ಸಂದಿಯಲ್ಲಿ ಗಾಳಿ ಸುಳಿಯುತ್ತಿತ್ತು. ತಣ್ಣನೆಯ ಮೈ ಇಲ್ಲದ ಕಡೆ ನೀರಾವಿ ಹನಿಗಟ್ಟುವುದು ಹೇಗೆ? ಜೊತೆಗೆ ಅಂದಿನ ಸೈಪ್ರೆಸ್, ಹಳೆ ಕಾಡಿನ ಪೈನ್ ಮರಗಳಿಗೆ ಕೊಳೆಯದ ಗುಣ ಹುಟ್ಟಿನಿಂದಲೇ ಇತ್ತು. ಆ ಮನೆಗಳು ನೂರು ವರ್ಷ ದಾಟಿ ನಿಂತಿವೆ.

ಎಸಿ ಬಂದ ಮೇಲೆ ನೆಲ ತಣ್ಣಗಾಯಿತು. ಮರದ ಹಲಗೆಯ ಜಾಗಕ್ಕೆ ಪ್ಲೈವುಡ್ ಬಂತು, ಅದರ ಮೇಲೆ ವಿನೈಲ್ ಹಾಸು ಬಂತು. ವಿದ್ಯುತ್ ಉಳಿಸಲೆಂದು ತೊಲೆಗಳ ನಡುವೆ ಗಾಜಿನ ನಾರು ಸೇರಿತು. ಕಿಂಡಿಗಳು ಮಾತ್ರ ಹಾಗೇ ಉಳಿದವು. ಬೇಸಿಗೆಯಲ್ಲಿ ಅವು ಒಳಗೆ ತರುವುದು ಒಣಗಿಸುವ ಗಾಳಿಯನ್ನಲ್ಲ, ತೇವ ತುಂಬಿದ ಗಾಳಿಯನ್ನು. ಗಾಜಿನ ನಾರು ಗಾಳಿಯನ್ನೂ ನೀರಾವಿಯನ್ನೂ ತಡೆಯಲಾರದು. ತೇವ ಅದರೊಳಗೆ ಸಾಗಿ, ತಣ್ಣನೆಯ ಪ್ಲೈವುಡ್‌ವರೆಗೆ ತಲುಪಿ, ಮೇಲಿನ ವಿನೈಲ್ ದಾಟಲಾರದೆ ಅಲ್ಲೇ ನಿಲ್ಲುತ್ತದೆ. ಒದ್ದೆಯಾಗಿ ಭಾರವಾದ ನಾರು ಕಡೆಗೆ ಜೋತುಬೀಳುತ್ತದೆ. ವರದಿಯ ಫೋಟೊದಲ್ಲಿ ಕಂಡದ್ದು ಅದನ್ನೇ.

ಕಿಂಡಿಗಳೇ ತೇವ ತರುತ್ತವೆ ಎಂಬ ಸಂಶಯವನ್ನು ಪರೀಕ್ಷೆಗೆ ಒಡ್ಡಿದ ಊರಿನ ಹೆಸರು ಪ್ರಿನ್ಸ್‌ವಿಲ್. ನಾರ್ತ್ ಕ್ಯಾರೊಲೈನಾದ ಟಾರ್ ನದಿಯ ದಡದಲ್ಲಿ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನ ಕಟ್ಟಿಕೊಂಡು, 1885ರಲ್ಲಿ ಪಟ್ಟಣದ ಮಾನ್ಯತೆ ಪಡೆದ ಊರು ಅದು. 1999ರ ಫ್ಲಾಯ್ಡ್ ಚಂಡಮಾರುತದ ನೆರೆಯಲ್ಲಿ ಇಡೀ ಊರು ಮುಳುಗಿತು. ಆಮೇಲೆ ಅಲ್ಲಿ ಎದ್ದ ಹೊಸ ಮನೆಗಳಲ್ಲಿ ಒಂದೇ ನಕ್ಷೆಯ 12 ಮನೆಗಳನ್ನು ರಾಲೆಯ ಅಡ್ವಾನ್ಸ್ಡ್ ಎನರ್ಜಿ ಎಂಬ ಲಾಭರಹಿತ ಸಂಸ್ಥೆ 2001ರಿಂದ ಕೆಲವು ವರ್ಷ ಅಳೆಯಿತು. ನಾಲ್ಕು ಮನೆಗಳಿಗೆ ವಾಡಿಕೆಯಂತೆ ಕಿಂಡಿ, ನೆಲಕ್ಕೆ ಗಾಜಿನ ನಾರು. ನಾಲ್ಕಕ್ಕೆ ಕಿಂಡಿ ಮುಚ್ಚಿ, ಇನ್ಸುಲೇಷನ್ ನೆಲದಲ್ಲೇ. ಉಳಿದ ನಾಲ್ಕಕ್ಕೆ ಕಿಂಡಿ ಮುಚ್ಚಿ, ಇನ್ಸುಲೇಷನ್ ಸುತ್ತುಗೋಡೆಗೆ. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಎಲ್ಲ ಮನೆಗಳಲ್ಲೂ ಇತ್ತು. ಆದರೂ ಕಿಂಡಿಯಿದ್ದ ಮನೆಗಳ ಅಡಿ ಬೇಸಿಗೆಯುದ್ದಕ್ಕೂ ಒದ್ದೆ ಒದ್ದೆ, ಮುಚ್ಚಿದವುಗಳ ಅಡಿ ಬೂಸ್ಟು ಬೆಳೆಯದಷ್ಟು ಒಣ. ಮುಚ್ಚಿದ ಮನೆಗಳಲ್ಲಿ ಬಿಸಿ-ತಂಪಿನ ವಿದ್ಯುತ್ ಖರ್ಚು ವರ್ಷದ ಸರಾಸರಿಯಲ್ಲಿ ಸುಮಾರು 15 ಪ್ರತಿಶತ ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಎಲ್ಲ ಕಳೆದುಕೊಂಡು ಮತ್ತೆ ಮನೆ ಕಟ್ಟಿಕೊಂಡ ಜನರ ನೆಲದಡಿಯಿಂದ ಬಂದ ಈ ಅಂಕಿಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ನಿಯಮ ಬದಲಿಸಲು ಆಧಾರ ಒದಗಿಸಿದ್ದು ಇಂಥ ಮನೆಗಳೇ. ಈಗ ಅಮೆರಿಕದ ವಸತಿ ಸಂಹಿತೆ ಕಿಂಡಿಯಿಲ್ಲದ ಕ್ರಾಲ್ ಸ್ಪೇಸಿಗೆ ಸ್ಪಷ್ಟ ಅನುಮತಿ ಕೊಡುತ್ತದೆ.

ಅನುಮತಿಯ ಜೊತೆಗೆ ಷರತ್ತುಗಳೂ ಇವೆ, ಅವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಬರಿ ಮಣ್ಣು ಎಲ್ಲೂ ಕಾಣಬಾರದು. ನೀರಾವಿ ತಡೆಯುವ ಹಾಳೆಗಳು ಒಂದರ ಮೇಲೊಂದು ಕನಿಷ್ಠ ಆರು ಇಂಚು ಸೇರಿ, ಅಂಟಿಕೊಂಡು, ಗೋಡೆಯ ಮೇಲೂ ಆರು ಇಂಚು ಏರಬೇಕು. ಮುಚ್ಚಿದ ಜಾಗದ ಗಾಳಿಯನ್ನು ಒಣಗಿಸುವ ವ್ಯವಸ್ಥೆ ಇರಬೇಕು: ಪ್ರತಿ 50 ಚದರ ಅಡಿಗೆ ನಿಮಿಷಕ್ಕೆ ಒಂದು ಘನ ಅಡಿಯಂತೆ ಎಸಿಯ ಗಾಳಿ, ಇಲ್ಲವೇ ತೇವ ಹೀರುವ ಯಂತ್ರ. ಕಿಂಡಿಗೆ ಥರ್ಮೋಕೋಲ್ ಹಲಗೆ ಬಡಿದು ‘ಸೀಲ್ ಮಾಡಿದ್ದೇವೆ’ ಎಂದು ಹೇಳಿ ಹೋಗುವ ಗುತ್ತಿಗೆದಾರರಿದ್ದಾರೆ. ಮಣ್ಣಿನ ತೇವವನ್ನು ಒಳಗೇ ಕೂಡಿಹಾಕುವ ಆ ಕೆಲಸ ಕಿಂಡಿ ತೆರೆದಿಡುವುದಕ್ಕಿಂತ ಕೆಟ್ಟದ್ದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನೆಲದಡಿಯಲ್ಲಿ ಗ್ಯಾಸ್ ಉರಿಸುವ ಫರ್ನೇಸ್ ಅಥವಾ ನೀರು ಕಾಯಿಸುವ ಬಾಯ್ಲರ್ ಇದ್ದು, ಅದು ಉರಿಯಲು ಅಲ್ಲಿನ ಗಾಳಿಯನ್ನೇ ಎಳೆದುಕೊಳ್ಳುವಂಥದ್ದಾಗಿದ್ದರೆ, ಅದನ್ನು ಬದಲಿಸದೆ ಕಿಂಡಿ ಮುಚ್ಚಲೇಬಾರದು. ಹೊಗೆ ಹಿಂದಕ್ಕೆ ತಿರುಗಿ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬಂದರೆ ಜೀವಕ್ಕೇ ಅಪಾಯ.

ಇನ್ಸುಲೇಷನ್ ಎಲ್ಲಿಗೆ ಬೇಕು ಎಂಬುದು ಆ ನಂತರದ ಮಾತು. ಚಾವಣಿಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ 55 ಡಿಗ್ರಿ ಮುಟ್ಟುವುದುಂಟು. ನೆರಳಿನಲ್ಲಿರುವ ನೆಲದಡಿಗೂ ಮನೆಯ ಒಳಭಾಗಕ್ಕೂ ಇರುವ ಅಂತರ ಕೆಲವೇ ಡಿಗ್ರಿ. ಭೂಮಿಯಂತೂ ಹೊರಗಿನ ಗಾಳಿಗಿಂತ ತಂಪಾಗಿಯೇ ಇರುತ್ತದೆ. ಮುಚ್ಚಿದ ಕ್ರಾಲ್ ಸ್ಪೇಸಿನಲ್ಲಿ ನೆಲಕ್ಕೆ ಏನೂ ಹಾಕದೆ ಬಿಟ್ಟರೆ ಆ ತಂಪು ಪುಕ್ಕಟೆಯಾಗಿ ಮನೆಗೆ ಸಿಗುತ್ತದೆ. ಇದೇ ಕಾರಣಕ್ಕೆ ಹ್ಯೂಸ್ಟನ್, ನ್ಯೂ ಆರ್ಲಿಯನ್ಸ್ ಇರುವ ಬಿಸಿ ವಲಯದಲ್ಲಿ ಕ್ರಾಲ್ ಸ್ಪೇಸಿನ ಗೋಡೆಗೆ ಇನ್ಸುಲೇಷನ್ ಕಡ್ಡಾಯವಲ್ಲ. ಚಳಿಯೂ ಇರುವ ರಾಲೆಯಲ್ಲಿ ಬೇಕು. ಹಣ ಮಿತಿಯಲ್ಲಿದ್ದರೆ ಮೊದಲು ಅಟ್ಟ, ಆಮೇಲೆ ನೆಲದಡಿಯ ಎಸಿ ಕೊಳವೆಗಳ ಸೋರಿಕೆ. ಮನೆಯ ಗಾಳಿಯನ್ನು ವಾಪಸ್ ಎಳೆಯುವ ಕೊಳವೆ ಅಲ್ಲಿ ಬಿರುಕು ಬಿಟ್ಟಿದ್ದರೆ, ಬೂಸ್ಟಿನ ವಾಸನೆ ಹೊತ್ತ ಗಾಳಿಯನ್ನೇ ಮಕ್ಕಳು ಮಲಗುವ ಕೋಣೆಗೆ ಹಂಚುತ್ತದೆ. ವಿದ್ಯುತ್ ಬಿಲ್ಲಿಗಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುವುದು ಇದೇ.

ನೆರೆ ಬರುವ ಊರಿನಲ್ಲಿ ಕಥೆ ಬೇರೆ. ನ್ಯೂ ಆರ್ಲಿಯನ್ಸ್‌ನಲ್ಲಿ ನೆಲದಡಿಯನ್ನು ಮುಚ್ಚಿದರೆ ನೀರಿನ ಒತ್ತಡಕ್ಕೆ ಗೋಡೆಯೇ ಕುಸಿಯಬಹುದು. ನೀರು ಒಳಬಂದು ಹೊರಹೋಗುವಂತೆ ಅಲ್ಲಿ ತೆರವು ಬಿಡಲೇಬೇಕು. ಹಾಗಾಗಿ ಉಳಿದ ದಾರಿ ನೆಲದ ತೊಲೆಗಳಿಗೆ ಇನ್ಸುಲೇಷನ್ ಹಾಕುವುದು. ಯಾವುದು? 2005ರ ಕತ್ರೀನಾ ಚಂಡಮಾರುತದ ನಂತರ ಮರದ ಮನೆಗಳನ್ನು ಮತ್ತೆ ಎತ್ತರಿಸಿ ಕಟ್ಟುವಾಗ ಈ ಪ್ರಶ್ನೆ ತುರ್ತಾಯಿತು. ಅಮೆರಿಕದ ಅರಣ್ಯ ಇಲಾಖೆಯ ಫಾರೆಸ್ಟ್ ಪ್ರಾಡಕ್ಟ್ಸ್ ಪ್ರಯೋಗಾಲಯವೂ ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಕೃಷಿ ಕೇಂದ್ರವೂ ಸೇರಿ ದಕ್ಷಿಣ ಲೂಸಿಯಾನಾದ 12 ಮನೆಗಳ ನೆಲದ ಮರದಲ್ಲಿ ತೇವವನ್ನು ಅಳೆದವು. ನೀರಾವಿಯನ್ನು ಸುಲಭವಾಗಿ ಬಿಟ್ಟುಕೊಡುವ ಮೆದು ಸ್ಪ್ರೇ ಫೋಮ್ ಮತ್ತು ಗಾಜಿನ ನಾರು ಹಾಕಿದ ಕಡೆ, ಮೇಲೆ ವಿನೈಲಿನಂಥ ಹಾಸು ಇದ್ದು ಒಳಗೆ ಎಸಿ ಜೋರಾಗಿದ್ದರೆ, ಬೇಸಿಗೆಯಲ್ಲಿ ಮರದ ತೇವ ಏರಿತು. ನೀರಾವಿ ದಾಟಲು ಬಿಡದ ಗಟ್ಟಿ ಸ್ಪ್ರೇ ಫೋಮ್ ಮತ್ತು ತೊಲೆಗಳ ಕೆಳಗೆ ಬಡಿದ ಫಾಯಿಲ್ ಹೊದಿಕೆಯ ಫೋಮ್ ಹಲಗೆಗಳು ಮರವನ್ನು ಕಾಪಾಡಿದವು.

ಇದು ಚಳಿ ದೇಶದ ಪಾಠಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ನೀರಾವಿ ಬೆಚ್ಚನೆಯ ಒಳಗಿನಿಂದ ಹೊರಗೆ ಸಾಗುತ್ತದೆ, ತಡೆಯನ್ನು ಒಳಬದಿಗೆ ಇಡುತ್ತಾರೆ. ಸೆಕೆಯ ಊರಿನಲ್ಲಿ ಅದು ಹೊರಗಿನಿಂದ ಒಳಗೆ ಬರುತ್ತದೆ, ತಡೆ ಕೆಳಬದಿಗೇ ಇರಬೇಕು. ಮಿನೆಸೋಟದಿಂದ ಲೂಸಿಯಾನಾಕ್ಕೆ ಸಲಹೆಯನ್ನು ಹಾಗೇ ಒಯ್ದರೆ ಪ್ಲೈವುಡ್ ಕೊಳೆಯುತ್ತದೆ. ಮನೆಯವರ ಕೈಯಲ್ಲಿರುವ ಉಪಾಯವೂ ಒಂದಿದೆ: ಥರ್ಮೋಸ್ಟಾಟನ್ನು 20ಕ್ಕೆ ಇಳಿಸದೆ 25ರ ಆಸುಪಾಸಿನಲ್ಲಿ ಬಿಡುವುದು. ನ್ಯೂ ಆರ್ಲಿಯನ್ಸ್‌ನ ನಡುಬೇಸಿಗೆಯ ಇಬ್ಬನಿ ಬಿಂದು 23-24 ಡಿಗ್ರಿ. ನೆಲ ಅದಕ್ಕಿಂತ ಬೆಚ್ಚಗಿದ್ದರೆ ಮರದೊಳಗೆ ಹನಿಗಟ್ಟಲು ಕಾರಣವೇ ಇರುವುದಿಲ್ಲ.

ಗೆದ್ದಲಿನ ಮಾತು ಬಿಟ್ಟರೆ ಈ ಲೇಖನ ಅರೆಬರೆಯಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಪೂರ್ವ ಏಷ್ಯಾದಿಂದ ಮರಳಿದ ಸೇನಾ ಸರಕಿನ ಜೊತೆ ಬಂದವು ಎನ್ನಲಾಗುವ ಫಾರ್ಮೋಸಾ ಗೆದ್ದಲುಗಳು ನ್ಯೂ ಆರ್ಲಿಯನ್ಸ್‌ನಲ್ಲಿ ಮೇ ತಿಂಗಳ ಸಂಜೆ ಬೀದಿದೀಪಗಳ ಸುತ್ತ ಮೋಡದಂತೆ ಮುತ್ತುತ್ತವೆ. ಫೋಮನ್ನು ಗೆದ್ದಲು ತಿನ್ನುವುದಿಲ್ಲ, ಕೊರೆದು ದಾರಿ ಮಾಡಿಕೊಳ್ಳುತ್ತದೆ. ಅದರ ಮಣ್ಣಿನ ಸುರಂಗ ಫೋಮಿನ ಹಿಂದೆ ಸಾಗಿದರೆ ಯಾರ ಕಣ್ಣಿಗೂ ಬೀಳದು. ಅದಕ್ಕೇ ಸುತ್ತುಗೋಡೆಗೆ ಫೋಮ್ ಹಾಕುವಾಗ ಮೇಲ್ತುದಿಯಲ್ಲಿ ಮೂರು ಇಂಚು ಬರಿ ಗೋಡೆ ಬಿಡುವ ಪದ್ಧತಿ ಬಂದಿದೆ. ವರ್ಷಕ್ಕೊಮ್ಮೆ ತೆವಳಿ ಒಳಹೋಗಿ ನೋಡುವ ತಪಾಸಕನಿಗೆ ಆ ಪಟ್ಟಿಯೇ ಕಿಟಕಿ.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಮನೆಯ ಹೊರಗೆ. ಚಾವಣಿಯ ನೀರು ಗೋಡೆಯ ಬುಡದಲ್ಲಿ ಸುರಿಯುತ್ತಿದೆಯೇ, ಅಂಗಳದ ಇಳಿಜಾರು ಮನೆಯ ಕಡೆಗಿದೆಯೇ, ಬಟ್ಟೆ ಒಣಗಿಸುವ ಯಂತ್ರದ ಹಬೆ ನೆಲದಡಿಗೇ ಬೀಳುತ್ತಿದೆಯೇ, ಎಸಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ಅವನ್ನು ಸರಿಪಡಿಸಿ, ಆರ್ದ್ರತೆ ಅಳೆಯುವ ಅಗ್ಗದ ಡಿಜಿಟಲ್ ಮೀಟರೊಂದನ್ನು ತೊಲೆಗೆ ತೂಗುಹಾಕಿ, ಜುಲೈ, ಆಗಸ್ಟ್ ಎರಡು ತಿಂಗಳು ಬಿಡಬೇಕು. ಗುತ್ತಿಗೆದಾರ ದರಪಟ್ಟಿ ಹಿಡಿದು ಬಂದಾಗ ಆ ಅಂಕಿಗಳನ್ನು ಅವನ ಮುಂದಿಟ್ಟು, ‘ನೀವು ಹಾಕುವ ಇನ್ಸುಲೇಷನ್‌ನಿಂದ ನೀರಾವಿ ಯಾವ ಬದಿಯಲ್ಲಿ ನಿಲ್ಲುತ್ತದೆ?’ ಎಂದು ಕೇಳಿ. ಉತ್ತರ ಕೊಡಲಾಗದವನಿಗೆ ಕೆಲಸ ಒಪ್ಪಿಸಬೇಡಿ.