ಘಟ್ಟ ಹತ್ತುವ ಮುನ್ನ ಟಯರಿನ ಗಾಳಿ

ಕಾರಿನ ಟಯರಿಗೆ ಎಷ್ಟು ಗಾಳಿ ಹಿಡಿಸಬೇಕೆಂಬ ಲೆಕ್ಕ ಚಾಲಕನ ಬಾಗಿಲು ತೆರೆದಾಗ ಪಕ್ಕದ ಚೌಕಟ್ಟಿನಲ್ಲಿ ಕಾಣುವ ಚೀಟಿಯಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ. ಟಯರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿ ಆ ಟಯರಿಗೆ ಹೇಳಿದ ಗರಿಷ್ಠ ಒತ್ತಡ. ಅದನ್ನೇ ನಂಬಿ ತುಂಬಿಸುವುದು ತಪ್ಪು. ಬಹಳಷ್ಟು ಚೀಟಿಗಳಲ್ಲಿ ಇಬ್ಬರು ಮೂವರು ಕೂತಾಗ ಒಂದು ಅಳತೆ, ಕಾರು ಭರ್ತಿಯಾದಾಗ ಇನ್ನೊಂದು ಅಳತೆ ಇರುತ್ತದೆ.

ಈ ಎರಡನೆಯ ಅಳತೆಯನ್ನು ನೋಡುವವರೇ ಕಡಿಮೆ. ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಶಬರಿಮಲೆಗೆ ಹೊರಟ ಕರ್ನಾಟಕದ ಎಷ್ಟೋ ಕಾರುಗಳು ದಿಂಡಿಗಲ್, ವತ್ತಲಗುಂಡು, ತೇನಿ, ಕಂಬಂ ದಾರಿಯಾಗಿ ಕುಮಳಿ ಘಟ್ಟ ಹತ್ತುತ್ತವೆ. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ಗಾಳಿ ಕಡಿಮೆಯಿದ್ದರೆ ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಕಣಿವೆಯ ಬಿಸಿಲು, ಭಾರ, ವೇಗ ಸೇರಿದರೆ ಒಡೆಯುವುದು ಇಂಥ ಟಯರೇ. ಘಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಅದು ಸ್ಟಿಯರಿಂಗಿನ ಮಾತನ್ನೂ ತಡವಾಗಿ ಕೇಳುತ್ತದೆ. ಗಾಳಿ ಅತಿಯಾದರೆ ನಡುವಿನ ಪಟ್ಟಿ ಮಾತ್ರ ರಸ್ತೆಗೆ ತಾಗಿ ಬೇಗ ಸವೆಯುತ್ತದೆ, ಹಿಡಿತವೂ ತಪ್ಪುತ್ತದೆ.

ಚೀಟಿಯ ಅಳತೆ ತಣ್ಣಗಿರುವ ಟಯರಿನದು. ಕಾರು ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬೆಂಗಳೂರಿನಿಂದ ಓಡಿಬಂದ ಕಾರನ್ನು ದಿಂಡಿಗಲ್ಲಿನ ಬಂಕಿನಲ್ಲಿ ನಿಲ್ಲಿಸಿ ನೋಡಿದರೆ 33 ಪಿಎಸ್‌ಐ ಇರಬೇಕಾದಲ್ಲಿ ಮೀಟರು 37 ತೋರಿಸಬಹುದು. ಆಗ ಗಾಳಿ ಇಳಿಸಲೇಬಾರದು. ಇಳಿಸಿದರೆ ರಾತ್ರಿ ಆರಿದ ಮೇಲೆ ಕೊರತೆ ಬೀಳುತ್ತದೆ. ಬಿಸಿ ಟಯರಿನಲ್ಲೂ ಚೀಟಿಗಿಂತ ಕಡಿಮೆ ಬಂದರೆ ಮಾತ್ರ ಗಾಳಿ ನಿಜಕ್ಕೂ ಕಡಿಮೆಯಿದೆ ಎಂದೇ ತಿಳಿಯಬೇಕು.

ನೋಡುವ ಕ್ರಮ ಸರಳ. ವಾಲ್ವಿನ ಮುಚ್ಚಳ ತಿರುಚಿ ತೆಗೆದು ಮೀಟರನ್ನು ನೇರವಾಗಿ ಒತ್ತಬೇಕು. ಬುಸ್ಸೆನ್ನುವ ಸದ್ದು ನಿಂತ ಮೇಲಿನ ಅಂಕಿಯೇ ಸರಿ. ಪಂಕ್ಚರ್ ಅಂಗಡಿಯವರು ಕೊನೆಗೆ ವಾಲ್ವಿನ ಬಾಯಿಗೆ ಒಂದಿಷ್ಟು ಎಂಜಲು ಹಚ್ಚುತ್ತಾರೆ. ಗುಳ್ಳೆ ಎದ್ದರೆ ಒಳಗಿನ ಪಿನ್ನು ಸೋರುತ್ತಿದೆ. ಮುಚ್ಚಳ ಮರಳಿ ಹಾಕದಿದ್ದರೆ ಧೂಳು ಹೊಕ್ಕು ಅದೇ ತೊಂದರೆ.

ಸುಮಾರು 2,100 ಮೀಟರ್ ಎತ್ತರದ ಕೊಡೈಕೆನಾಲ್‌ಗೆ ಹೋಗುವವರು ಘಟ್ಟಕ್ಕೆಂದು ಗಾಳಿ ತೆಗೆಸಬೇಕಿಲ್ಲ. ಮೇಲೆ ವಾಯುಭಾರ ತಗ್ಗಿ ಮೀಟರಿನ ಅಂಕಿ ಏರುತ್ತದೆ, ಆದರೆ ಅಲ್ಲಿನ ಚಳಿ ಆ ಏರಿಕೆಯ ಬಹುಪಾಲನ್ನು ಇಳಿಸಿಬಿಡುತ್ತದೆ. ನೈಟ್ರೋಜನ್ನಿಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ಒಳ್ಳೆಯ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ತಿಂಗಳಿಗೊಮ್ಮೆ, ದೂರದ ಪ್ರಯಾಣವಿದ್ದರೆ ಹೊರಡುವ ಬೆಳಿಗ್ಗೆಯೇ, ಗಾಳಿ ನೋಡಿಸಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಮರೆಯಬೇಡಿ.