ಬಂಡೆ ಕುಡಿಯದ ನೀರು

ಮಾಗಡಿ ಸೀಮೆಯಲ್ಲಿ ಒಂದು ಜೋರು ಮಳೆ ಸುರಿದು ನಿಂತ ಮೇಲೆ ಸಾವನದುರ್ಗವನ್ನು ನೋಡಬೇಕು. ಬೆಟ್ಟದ ಮೈಯುದ್ದಕ್ಕೂ ನೀರು ಹೊಳೆಯುತ್ತಾ ಇಳಿಯುತ್ತಿರುತ್ತದೆ. ಬಿಸಿಲು ಬಿದ್ದರೆ ಸ್ವಲ್ಪ ಹೊತ್ತಿಗೇ ಬಂಡೆ ಒಣಗಿಬಿಡುತ್ತದೆ. ಅಷ್ಟು ನೀರು ಎಲ್ಲಿಗೆ ಹೋಯಿತು? ಉತ್ತರ ಬೇಕೆಂದರೆ ತುದಿ ಹತ್ತಿದರೆ ಸಾಲದು, ಬುಡದ ಕಾಡಿನಲ್ಲಿ ಕಾಲುದಾರಿ ಹಿಡಿದು ನೀರಿನಂಚಿನವರೆಗೆ ನಡೆಯಬೇಕು.

ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಇದರ ಶಿಲೆಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾದ ಕಲ್ಲು ಇದು. ಹೋಲಿಕೆಗೆ ಹೇಳುವುದಾದರೆ, ಹಿಮಾಲಯ ಏಳತೊಡಗಿದ್ದು ಸುಮಾರು ಐದು ಕೋಟಿ ವರ್ಷಗಳ ಹಿಂದೆಯಷ್ಟೇ.

ಮೇಲೆ ಹೊದ್ದಿದ್ದ ನೆಲವೆಲ್ಲ ಯುಗಯುಗಗಳಲ್ಲಿ ಸವೆದು ಹೋದಾಗ ಈ ಬಂಡೆಯ ಮೇಲಿನ ಭಾರ ಇಳಿಯಿತು. ಭಾರ ಇಳಿದ ಬಂಡೆ ಹಿಗ್ಗಿ, ಈರುಳ್ಳಿಯಂತೆ ಪದರ ಪದರವಾಗಿ ಬಿಡತೊಡಗಿತು. ಗುಡ್ಡ ಗುಂಡಗೆ, ನುಣ್ಣಗೆ ಕಾಣುವುದು ಇದರಿಂದಲೇ. ಕಳಚಿದ ಚಕ್ಕೆಗಳು ಬುಡಕ್ಕೆ ಬಂದು ಬೀಳುತ್ತವೆ. ಅವುಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ನೀರು ತಾಗಿ ನಿಧಾನವಾಗಿ ಜೇಡಿಯಾಗುತ್ತದೆ. ಗಟ್ಟಿ ಬೆಣಚು ಮರಳಾಗಿ ಉಳಿಯುತ್ತದೆ. ದಾರಿಯಲ್ಲಿ ನಾವು ತುಳಿಯುವ ಮಣ್ಣೆಂದರೆ ಬೆಟ್ಟವೇ ಪುಡಿಯಾಗಿ ಬಂದದ್ದು.

ಈಗ ನೀರಿನ ಲೆಕ್ಕ. ಒಂದು ಎಕರೆ ಬಂಡೆಯ ಮೇಲೆ 25 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್, ಅಂದರೆ ಐದು ಸಾವಿರ ಲೀಟರಿನ 20 ಟ್ಯಾಂಕರ್. ಬಂಡೆ ಇದನ್ನು ಕುಡಿಯುವುದಿಲ್ಲ. ಒಂದಿಷ್ಟು ದೊಣೆಗಳಲ್ಲಿ ನಿಲ್ಲುತ್ತದೆ, ಒಂದಿಷ್ಟು ಬಿರುಕಿಗೆ ಇಳಿಯುತ್ತದೆ, ಉಳಿದದ್ದೆಲ್ಲ ಕೆಳಕ್ಕೆ ಧಾವಿಸುತ್ತದೆ. ನೀರು ಇಳಿಯುವ ಜಾಡಿನಲ್ಲಿ ಕಾಣುವ ಕಪ್ಪು ಪಟ್ಟೆಗಳು ಬರೀ ಕೊಳೆಯಲ್ಲ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಅಲ್ಲಿ ಸಂಸಾರ ಹೂಡಿರುತ್ತವೆ. ಬೇಸಿಗೆಯಿಡೀ ಒಣಗಿ ಬಿದ್ದಿದ್ದು, ಮಳೆ ಹನಿದೊಡನೆ ಮತ್ತೆ ಚಿಗುರುತ್ತವೆ. ಪಕ್ಕದಲ್ಲೇ ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್.

ಬುಡದ ಕಾಡಿಗೆ ಹೀಗೆ ಎರಡು ಮಳೆ: ಆಕಾಶದ್ದೊಂದು, ಬಂಡೆಯದ್ದೊಂದು. ದಿಂಡಿಗ, ಹುರಗಲು, ಚುಜ್ಜಲು ಮುಖ್ಯವಾಗಿರುವ ಒಣ ಎಲೆಯುದುರು ಕಾಡು ಇದು. ಚುಜ್ಜಲಿನ ಎಲೆಯ ಪುಡಿಯಲ್ಲಿ ತಲೆ ತೊಳೆಯುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ಮರದೊಳಗಿನ ನೀರು ಆವಿಯಾಗುವುದು ಹೆಚ್ಚಾಗಿ ಎಲೆಗಳ ಮೂಲಕ. ಅದಕ್ಕೇ ಬೇಸಿಗೆ ಸಮೀಪಿಸಿದಂತೆ ಇಲ್ಲಿನ ಮರಗಳು ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತವೆ. ಉದುರಿದ ತರಗೆಲೆ ಮುಂದಿನ ಮಳೆಯ ರಭಸಕ್ಕೆ ತಡೆಯಾಗುತ್ತದೆ. ಓಡಿ ಬಂದ ನೀರು ಇಲ್ಲಿ ನಡೆಯತೊಡಗುತ್ತದೆ, ಬೇರಿನ ಜಾಡು ಹಿಡಿದು ನೆಲಕ್ಕೆ ಇಂಗುತ್ತದೆ. ಈ ಬಂಡೆ ಮತ್ತು ಕುರುಚಲನ್ನೇ ನಂಬಿರುವ ಹಕ್ಕಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಕ್ಕೆ ನೆಲೆಯಿಲ್ಲ.

ಕಾಡು ಸೋಸಿ ಬಿಟ್ಟ ನೀರು ಹಳ್ಳಗಳ ಮೂಲಕ ಅರ್ಕಾವತಿಯ ಪಾಲು. ನಂದಿಬೆಟ್ಟದಲ್ಲಿ ಹುಟ್ಟಿದ ಈ ನದಿ ತಿಪ್ಪಗೊಂಡನಹಳ್ಳಿ ಜಲಾಶಯ ದಾಟಿ, ಮಂಚನಬೆಲೆ ಜಲಾಶಯದಲ್ಲಿ ನಿಂತು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಮೇಲಿಂದ ಕಾಣುವ ಮಂಚನಬೆಲೆಯ ನೀರು ತಿಳಿಯಾಗಿರಬೇಕಾದರೆ ನಡುವಿನ ಕಾಡು ಉಳಿಯಬೇಕು. ಬೇಸಿಗೆಯಲ್ಲಿ ಒಂದು ಬೆಂಕಿ ಬಿದ್ದರೆ ತರಗೆಲೆ ಬೂದಿಯಾಗುತ್ತದೆ, ಮಣ್ಣು ಬೆತ್ತಲಾಗುತ್ತದೆ. ಮುಂದಿನ ಮಳೆಗೆ ಆ ಮಣ್ಣು ಕೊಚ್ಚಿಹೋಗಿ ಕೆರೆ, ಜಲಾಶಯಗಳ ತಳದಲ್ಲಿ ಹೂಳಾಗುತ್ತದೆ. ಬಂಡೆ ಸವೆದು ಒಂದು ಬೊಗಸೆ ಮಣ್ಣಾಗಲು ಹಿಡಿಯುವ ಕಾಲವನ್ನು ನೆನೆದರೆ ಇದು ಎಂಥ ನಷ್ಟವೆಂದು ತಿಳಿದೀತು.

ಆದ್ದರಿಂದ ಸಾವನದುರ್ಗಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಕಾಲುದಾರಿ ಬಿಟ್ಟು ಕಾಡು ತುಳಿಯಬೇಡಿ, ಕಿಡಿ ಹಚ್ಚಬೇಡಿ, ಬಂಡೆಯ ಮೇಲೆ ಹೆಸರು ಕೆತ್ತಿ ಕಲ್ಲುಹೂವು ಕೆರೆಯಬೇಡಿ. ಆಳ ತಿಳಿಯದ ಜಲಾಶಯಕ್ಕೆ ಈಜಲು ಇಳಿಯಬೇಡಿ. ನೀರಿನಂಚಿನಲ್ಲಿ ಒಂದು ಗಳಿಗೆ ಕುಳಿತು, ತಿರುಗಿ ಬೆಟ್ಟವನ್ನು ನೋಡಿ. ಕಲ್ಲು, ಕಾಡು, ಕೆರೆ ಬೇರೆ ಬೇರೆಯಲ್ಲ. ಒಂದನ್ನು ಕಳೆದುಕೊಂಡರೆ ಮೂರೂ ಕೆಡುತ್ತವೆ.